ಸಂತಪುರದ ಎಣಿಸದ ಕುರಿಗಳು

ನಾನು ಏನು ಕೆಲಸ ಮಾಡುತ್ತೇನೆಂದು ಬೀದರಿನಲ್ಲಿ ಹೇಳುವುದು ಆ ಕೆಲಸ ಮಾಡುವುದಕ್ಕಿಂತ ಕಷ್ಟ. ಬಸ್‌ಸ್ಟ್ಯಾಂಡಿನ ಆಚೆ, ಕನ್ನಡಕದ ಅಂಗಡಿಯೊಂದರ ಮೇಲಿನ ಎರಡು ಕೋಣೆಗಳಲ್ಲಿ ನಮ್ಮ ಕಚೇರಿ. ಬಾಗಿಲ ಮೇಲೆ 'ಆರ್ಥಿಕ ಸಲಹೆಗಾರರು' ಎಂದು ಬರೆಸಿದ್ದೇವೆ. ಅದನ್ನು ಓದಿ ಮೆಟ್ಟಿಲು ಹತ್ತಿ ಬರುವವರಲ್ಲಿ ಅರ್ಧ ಮಂದಿ ಪಿಂಚಣಿ ಅರ್ಜಿ ತುಂಬಿಸಿಕೊಳ್ಳಲು ಬಂದವರು. ಉಳಿದರ್ಧ ಮಂದಿ ಬೋರ್ಡನ್ನು ಓದದೆ, ಕನ್ನಡಕದ ನಂಬರು ತಪ್ಪಾಗಿದೆ ಎಂದು ಜಗಳಕ್ಕೆ ಬಂದವರು.

ನಿಜವಾದ ಗಿರಾಕಿಗಳು ಕಡಿಮೆ. ಸಂಘ, ಟ್ರಸ್ಟು, ಮಂಡಳಿ ಇಂಥವು ಒಂದು ತೀರ್ಮಾನಕ್ಕೆ ಬರಲಾಗದೆ ತಿಣುಕುವಾಗ ನಮ್ಮನ್ನು ಕರೆಯುತ್ತವೆ. ನಾವು ಹೊರಗಿನವರಾಗಿ ಹೋಗಿ ಕೆಲವು ಪ್ರಶ್ನೆ ಕೇಳುತ್ತೇವೆ. ಇದನ್ನು ಆರಿಸಿಕೊಂಡರೆ ಯಾವುದನ್ನು ಬಿಟ್ಟುಕೊಡುತ್ತೀರಿ? ಏನೂ ಮಾಡದೆ ಸುಮ್ಮನಿದ್ದರೆ ಏನಾಗುತ್ತದೆ? ನಿಮ್ಮ ಕೈಯಲ್ಲಿರುವ ಮಾಹಿತಿಯನ್ನು ಬರೆದವರು ಯಾರು, ಯಾವ ಮನಸ್ಸಿನಿಂದ ಬರೆದರು? ಈ ಕೊನೆಯ ಪ್ರಶ್ನೆ ಬಹಳ ಮುಖ್ಯ ಎಂದು ಕಚೇರಿಗೆ ಹೊಸದಾಗಿ ಸೇರಿದವರಿಗೆಲ್ಲ ನಾನು ಪಾಠ ಮಾಡುತ್ತೇನೆ. ಸಂತಪುರದ ವಿಷಯದಲ್ಲಿ ಅದನ್ನು ಕೇಳಲು ಮರೆತವನು ನಾನೇ.

ಕೆಲಸ ಬಂದದ್ದು ಭಾಲ್ಕಿಯಿಂದ. ಅಲ್ಲಿ ಕುರಿ ಸಾಕುವವರ ಸಂಘವೊಂದಿತ್ತು. ಆ ಸಂಘ ಕುರಿಗಳಿಗೆ ಲಸಿಕೆ, ಜಂತಿನ ಔಷಧಿ ಕೊಡುವ ಎರಡು ಕೇಂದ್ರಗಳನ್ನು ನಡೆಸುತ್ತಿತ್ತು. ಒಂದು ಭಾಲ್ಕಿ ತಾಲೂಕಿನ ಹಲಬರ್ಗಾದಲ್ಲಿ, ಇನ್ನೊಂದು ಔರಾದ ತಾಲೂಕಿನ ಸಂತಪುರದಲ್ಲಿ. ಎರಡಕ್ಕೂ ಸೇರಿ ಒಬ್ಬರೇ ಡಾಕ್ಟರು. ಸಂಘದ ಅಧ್ಯಕ್ಷರು ಹಣೆ ತುಂಬ ವಿಭೂತಿ ಧರಿಸಿದ, ನಿಧಾನಕ್ಕೆ ಮಾತಾಡುವ ಹಿರಿಯರು. ನನ್ನನ್ನು ಕೂರಿಸಿ, ಚಹಾ ತರಿಸಿ, ವಿಷಯಕ್ಕೆ ಬಂದರು.

"ಡಾಕ್ಟರ್ ಒಬ್ರೇ ಅದಾರ್ರಿ. ದವಾಖಾನಿ ಎರಡ ಅವ. ಅವ್ರು ಅಲ್ಲೂ ಇರಂಗಿಲ್ಲ, ಇಲ್ಲೂ ಇರಂಗಿಲ್ಲ. ಬರೇ ಬಸ್ಸಿನ್ಯಾಗ ಇರ್ತಾರ. ಒಂದ ದವಾಖಾನಿ ಉಳಿಸಿ ಒಂದ ಮುಚ್ಚಬೇಕಂತ ಮಾಡೀವಿ."

"ಯಾವ್ದು ಮುಚ್ಚಬೇಕಂತೀರಿ?" ಎಂದೆ.

"ಅದನ್ನ ನಾವ್ ಹೇಳಿದ್ರ ಜಗಳ ಆಗ್ತದ್ರಿ. ಅದಕ್ಕೇ ನಿಮ್ಮನ್ನ ಕರ್ಸೀವಿ."

ಇಷ್ಟು ಪ್ರಾಮಾಣಿಕವಾಗಿ ನನ್ನನ್ನು ಯಾರೂ ಕೆಲಸಕ್ಕೆ ಕರೆದಿರಲಿಲ್ಲ. ಸಲಹೆಗಾರರನ್ನು ಕರೆಯುವುದು ಬುದ್ಧಿ ಕೇಳಲಿಕ್ಕೆ ಎಷ್ಟೋ, ಬೈಸಿಕೊಳ್ಳಲು ಬೇರೊಬ್ಬರು ಇರಲಿ ಎನ್ನುವುದಕ್ಕೂ ಅಷ್ಟೇ. ಅದು ನನಗೆ ಬೇಸರದ ಸಂಗತಿಯಲ್ಲ. ಜಗಳವಾಡುವವರ ನಡುವೆ ಒಂದು ಕಾಗದ ಇದ್ದರೆ ಇಬ್ಬರೂ ಅದನ್ನೇ ನೋಡುತ್ತಾರೆ, ಒಬ್ಬರ ಮುಖ ಒಬ್ಬರು ನೋಡಬೇಕಾಗಿಲ್ಲ.

ತೀರ್ಮಾನ ಸಣ್ಣದಲ್ಲ ಎನ್ನುವುದು ಗೊತ್ತಿತ್ತು. ಸಂತಪುರ ಮುಚ್ಚಿದರೆ ಅಲ್ಲಿಯ ಸುತ್ತಮುತ್ತಲ ಹಿಂಡುಗಳು ಹಲಬರ್ಗಾಕ್ಕೆ ನಡೆದು ಬರಬೇಕು. ಕುರಿಯ ನಡಿಗೆಯಲ್ಲಿ ಅದು ಎರಡು ದಿನದ ದಾರಿ. ಯಾರೂ ಅಷ್ಟು ದೂರ ಬರುವುದಿಲ್ಲ. ಲಸಿಕೆ ತಪ್ಪಿದ ಹಿಂಡಿಗೆ ಮಳೆಗಾಲದ ಹೊಸ ಹುಲ್ಲು ಮೇಯುವಾಗ ಕರುಳುಬೇನೆ ಬರುತ್ತದೆ. ಸಂಜೆ ಚೆನ್ನಾಗಿದ್ದ ಕುರಿ ಬೆಳಗ್ಗೆ ಸತ್ತು ಬಿದ್ದಿರುತ್ತದೆ. ಸಂತಪುರದ ಕೇಂದ್ರವನ್ನು ನೋಡಿಕೊಳ್ಳುವ ಕಂಪೌಂಡರ್ ಅಕ್ಕನ ಕೆಲಸವೂ ಹೋಗುತ್ತದೆ.

ನಾನು ಎರಡೂ ಕೇಂದ್ರಗಳ ರಿಜಿಸ್ಟರುಗಳನ್ನು ತರಿಸಿಕೊಂಡು ಬೀದರಿನಲ್ಲಿ ಕೂತು ಓದಿದೆ. ಹಲಬರ್ಗಾದ ರಿಜಿಸ್ಟರು ಭರ್ತಿಯಾಗಿತ್ತು. ಯಾರ ಕುರಿ, ಎಷ್ಟು ಕುರಿ, ಏನು ಮದ್ದು ಎಲ್ಲ ಅಚ್ಚುಕಟ್ಟು. ಸಂತಪುರದ್ದರಲ್ಲಿ 'ಕುರಿಗಳ ಸಂಖ್ಯೆ' ಎಂಬ ಅಂಕಣದ ಕೆಳಗೆ ಪುಟಗಟ್ಟಲೆ ಒಂದು, ಒಂದು, ಎರಡು, ಒಂದು ಎಂದಷ್ಟೇ ಇತ್ತು. ದಿನವಿಡೀ ಕೂತು ನಾಲ್ಕೈದು ಕುರಿಗೆ ಮದ್ದು ಹಾಕುವ ಕೇಂದ್ರಕ್ಕೆ ಡಾಕ್ಟರನ್ನು ಯಾಕೆ ಓಡಾಡಿಸಬೇಕು? ಉತ್ತರ ಎದುರಿಗೇ ಇತ್ತು. ಸಂತಪುರ ಮುಚ್ಚಿ ಹಲಬರ್ಗಾ ಉಳಿಸಬೇಕೆಂದು ಕರಡು ವರದಿ ಬರೆದೆ. ಕೊನೆಯಲ್ಲಿ ಏಳು ಶಿಫಾರಸುಗಳು. ಏಳನೆಯದು ನಾವು ಎಲ್ಲ ವರದಿಗಳಲ್ಲೂ ಹಾಕುವಂಥದ್ದು, ಹಳೆಯ ವರದಿಯಿಂದ ಎತ್ತಿ ಇಟ್ಟದ್ದು: 'ಎಲ್ಲ ಕೇಂದ್ರಗಳ ದಾಖಲೆಗಳೂ ನಿಖರವಾಗಿ, ಏಕರೂಪದಲ್ಲಿ ಇರತಕ್ಕದ್ದು.' ಅದನ್ನು ಬರೆಯುವಾಗ ನಾನು ಏನನ್ನೂ ಯೋಚಿಸುತ್ತಿರಲಿಲ್ಲ.

ಒಪ್ಪಿಸುವ ಮುಂಚೆ ಸಂತಪುರವನ್ನು ಕಣ್ಣಿಂದ ನೋಡಿದೆ ಎಂದು ಬರೆಯಬೇಕಲ್ಲ, ಅದಕ್ಕಾಗಿ ಒಂದು ದಿನ ಔರಾದ ಬಸ್ಸು ಹತ್ತಿದೆ. ಮಳೆಗೆ ಇನ್ನೂ ಕೆಲವು ವಾರ ಇತ್ತು. ಕೇಂದ್ರವೆಂದರೆ ತಗಡಿನ ಮಾಡಿನ ಒಂದು ಕೋಣೆ, ಒಳಗೆ ಲಸಿಕೆಯ ಫ್ರಿಜ್ಜು, ಹೊರಗೆ ಜಾಲಿಮುಳ್ಳಿನ ಬೇಲಿ. ಕಂಪೌಂಡರ್ ಅಕ್ಕ ನನಗಿಂತ ನಾಲ್ಕೈದು ವರ್ಷ ದೊಡ್ಡವರು, ಕುರಿ ಸಾಕುವ ಮನೆಯಲ್ಲೇ ಹುಟ್ಟಿದವರು. ನಾನು ಬಂದ ಕಾರಣ ಅವರಿಗೆ ಗೊತ್ತಿತ್ತು. ಆದರೂ ನೀರು ಕೊಟ್ಟು, ಕುರ್ಚಿ ನೆರಳಿಗೆ ಎಳೆದು ಹಾಕಿದರು.

ಹತ್ತು ಗಂಟೆಯ ಹೊತ್ತಿಗೆ ಒಂದು ಹಿಂಡು ಬಂತು. ಮುಂದೆ ಒಬ್ಬ ಮುದುಕರು, ತಲೆಗೆ ಬಿಳಿ ರುಮಾಲು, ಹೆಗಲ ಮೇಲೆ ಕರಿ ಕಂಬಳಿ. ಅಕ್ಕ ಅವರನ್ನು ಕಾಕಾ ಎಂದು ಕರೆದರು, ನಾನೂ ಹಾಗೇ ಕರೆದೆ. ಬೇಲಿಯ ನಡುವೆ ಒಂದು ಕುರಿ ಮಾತ್ರ ತೂರುವಷ್ಟು ಸಂದಿ ಬಿಟ್ಟಿದ್ದರು. ಕಾಕಾ ಆಚೆಯಿಂದ ಒಂದೊಂದೇ ಕುರಿಯನ್ನು ಬಿಡುವುದು, ಅಕ್ಕ ಈಚೆ ನಿಂತು ಸೂಜಿ ಚುಚ್ಚಿ, ಬೆನ್ನಿಗೆ ಕೆಂಪು ಬಣ್ಣ ಒರೆಸಿ ಕಳಿಸುವುದು. ಇಬ್ಬರೂ ಮಾತಾಡದೆ ಮಾಡುತ್ತಿದ್ದರು. ಕುರಿಗಳು ಬರುತ್ತಲೇ ಇದ್ದವು. ನನಗೆ ಗಾಬರಿಯಾಗತೊಡಗಿತು. ನೋಟ್‌ಬುಕ್ಕು ತೆಗೆದು, ಒಂದು ಕುರಿಗೆ ಒಂದು ಗೀಟಿನಂತೆ ಎಳೆಯುತ್ತ ಹೋದೆ.

ಕಾಕಾ ನನ್ನ ಕೈ ನೋಡಿದರು. "ಏನ್ ಬರೀಲತ್ತೀರಿ ಸಾಹೇಬ್ರ?"

"ಏನಿಲ್ಲ ಕಾಕಾ. ಸುಮ್ನ," ಎಂದೆ.

ಅವರು ಮುಂದಿನ ಕುರಿಯನ್ನು ಸಂದಿಯತ್ತ ಬಿಟ್ಟರು. ಕೆಲಸ ಮುಗಿಯುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿತ್ತು. ಹಿಂಡು ಹೋದ ಮೇಲೆ ಅಕ್ಕ ಕೈ ತೊಳೆದು, ಒಳಗೆ ಹೋಗಿ ರಿಜಿಸ್ಟರು ತೆರೆದು, ಕುರಿಗಳ ಸಂಖ್ಯೆಯ ಅಂಕಣದಲ್ಲಿ 'ಒಂದು' ಎಂದು ಬರೆದರು.

"ಅಕ್ಕಾರ, ಇದೇನ್ರಿ ಒಂದು?"

"ಒಂದ ಹಿಂಡ ಬಂತಲ್ರಿ."

"ಇಲ್ಲಿ ಕುರಿ ಎಷ್ಟಂತ ಬರೀಬೇಕಲ್ರಿ."

ಅವರು ನನ್ನನ್ನು ನೋಡಿದ ರೀತಿಯಲ್ಲಿ ಸಿಟ್ಟಿರಲಿಲ್ಲ, ಇಷ್ಟು ಓದಿದವನಿಗೆ ಇದೂ ಗೊತ್ತಿಲ್ಲವಲ್ಲ ಎಂಬ ಮರುಕವಿತ್ತು. "ಮಂದಿ ಕುರಿ ಎಣಿಸಬಾರದ್ರಿ. ನದರ ಆಗ್ತದ, ಕೆಟ್ಟ ದೃಷ್ಟಿ ತಾಕ್ತದ. ಕುರಿ ಎಷ್ಟ ಅವ ಅಂತ ಅವ್ರೂ ಹೇಳಂಗಿಲ್ಲ, ನಾವೂ ಕೇಳಂಗಿಲ್ಲ. ನಮ್ಮಪ್ಪ ಸಾಯೋತನಕ ನಮಗೇ ಹೇಳಿರ್ಲಿಲ್ಲ."

"ಹಲಬರ್ಗಾದಾಗ ಬರೀತಾರಲ್ಲ?"

"ಅಲ್ಲಿ ಮನಿ ಮುಂದ ಎರಡ ಆಡ, ಮೂರ ಕುರಿ ಕಟ್ಟಿರ್ತಾರ್ರಿ. ರಸ್ತಾದಾಗ ಹೋಗೋರಿಗೂ ಕಾಣಸ್ತಾವ. ಅದನ್ನೇನ ಮುಚ್ಚಿಡೋದು?"

ನಾನು ಬೇರೆ ದೇಶದಿಂದ ಬಂದವನಾಗಿದ್ದರೆ ಇದು ಕ್ಷಮಿಸಬಹುದಾದ ತಪ್ಪು. ನಾನು ಬೀದರಿನವನು. ನಮ್ಮ ಮನೆಯಲ್ಲಿ ಊಟಕ್ಕೆ ಕೂತವರ ತಟ್ಟೆಯ ರೊಟ್ಟಿ ಎಣಿಸಿದರೆ ಅವ್ವ ಬೈಯುತ್ತಿದ್ದಳು. ಬಡಿಸುವಾಗ 'ಇನ್ನೊಂದು' ಎನ್ನಬೇಕು, 'ನಾಲ್ಕನೆಯದು' ಎನ್ನಬಾರದು. ಮನೆಗೆ ಬಂದವರು ಮಕ್ಕಳೆಷ್ಟು ಎಂದರೆ ಅವ್ವ 'ಅದಾರ್ರಿ' ಎಂದು ಸುಮ್ಮನಾಗುತ್ತಿದ್ದಳು. ಇದೆಲ್ಲ ಗೊತ್ತಿದ್ದೂ, ರಿಜಿಸ್ಟರಿನ ಅಂಕಣದ ಮೇಲೆ ಅಚ್ಚಾದ ಎರಡು ಪದಗಳನ್ನು ನಾನು ನಂಬಿದ್ದೆ. ನನ್ನ ಬಗ್ಗೆ ನನಗೆ ನಾಚಿಕೆಯಾಯಿತು.

ಈಗ ನಿಜವಾದ ಸಂಖ್ಯೆ ಬೇಕಿತ್ತು. ಕೇಳಿದರೆ ಯಾರೂ ಹೇಳುವುದಿಲ್ಲ. ಅಕ್ಕನೇ ದಾರಿ ತೋರಿಸಿದರು. ಕೋಣೆಯ ಹಿಂದೆ ಗೋಣಿಚೀಲಗಳಲ್ಲಿ ಖಾಲಿಯಾದ ಲಸಿಕೆ ಸೀಸೆಗಳಿದ್ದವು. ಒಂದು ಸೀಸೆ ಎಷ್ಟು ಕುರಿಗೆ ಸಾಕೆಂದು ಅದರ ಮೇಲೆಯೇ ಅಚ್ಚಾಗಿರುತ್ತದೆ. ಒಮ್ಮೆ ತೆರೆದ ಸೀಸೆಯನ್ನು ಮರುದಿನ ಬಳಸುವಂತಿಲ್ಲ. ಹಾಗಾಗಿ ಹಾಳಾಗದಂತೆ ಫೋನು ಮಾಡಿ ಹಿಂಡುಗಳನ್ನು ಒಂದೇ ದಿನಕ್ಕೆ ಕರೆಸುತ್ತಿದ್ದರು ಅಕ್ಕ. ಲಸಿಕೆ ಬರುತ್ತಿದ್ದದ್ದು ಸರ್ಕಾರದಿಂದ ನೇರವಾಗಿ, ಸಂಘದ ಕಾಗದಗಳಲ್ಲಿ ಅದರ ಸುಳಿವೇ ಇರಲಿಲ್ಲ. ಸಂಜೆಯವರೆಗೂ ಇಬ್ಬರೂ ನೆಲದ ಮೇಲೆ ಕೂತು ಸೀಸೆ ಎಣಿಸಿದೆವು. ಸೀಸೆ ಎಣಿಸಲು ಅವರಿಗೆ ಯಾವ ಅಭ್ಯಂತರವೂ ಇರಲಿಲ್ಲ. ಹಲಬರ್ಗಾಕ್ಕಿಂತ ಸಂತಪುರದಲ್ಲಿ ಹಲವು ಪಟ್ಟು ಕುರಿಗಳಿಗೆ ಮದ್ದು ಬಿದ್ದಿತ್ತು.

ವರದಿಯನ್ನು ತಿರುಗಿಸಿ ಬರೆದೆ. ಡಾಕ್ಟರು ಸಂತಪುರದಲ್ಲಿರಲಿ, ಹಲಬರ್ಗಾದ ಎರಡು ಮೂರು ಕುರಿಗಳು ಆಟೋದಲ್ಲಿ ಹಾಕಿಕೊಂಡು ಹೋಗುವಂಥವು, ಅವಕ್ಕೆ ಭಾಲ್ಕಿಯ ಸರ್ಕಾರಿ ಪಶು ಆಸ್ಪತ್ರೆ ಹತ್ತಿರ. ಮೊದಲ ಆರು ಶಿಫಾರಸುಗಳನ್ನು ಹೊಸದಾಗಿ ಬರೆದೆ. ಏಳನೆಯದನ್ನು ಮುಟ್ಟಲಿಲ್ಲ. ಅದು ಎಲ್ಲ ವರದಿಗಳಲ್ಲೂ ಇರುವಂಥದ್ದಲ್ಲವೇ.

ಭಾಲ್ಕಿಯ ಸಭೆಯಲ್ಲಿ ಸದಸ್ಯರೆಲ್ಲ ಸೇರಿದ್ದರು. ಹಲಬರ್ಗಾದ ಕಡೆಯವರು ನಾನು ಬಾಯಿ ತೆರೆಯುವ ಮುಂಚೆಯೇ ತಕರಾರು ತೆಗೆದರು. ರಿಜಿಸ್ಟರಿನಲ್ಲಿ ಒಂದು, ಎರಡು ಎಂದು ಇರುವಾಗ ಹಲವು ಪಟ್ಟು ಎಲ್ಲಿಂದ ಬಂತು? ನಾನು ಸೀಸೆಗಳ ವಿಷಯ ಹೇಳಿದೆ. ಅವರಿಗೆ ಸಮಾಧಾನವಾಗಲಿಲ್ಲ. ಆಗ ನಾನು ನೋಟ್‌ಬುಕ್ಕು ತೆಗೆದೆ. ನಾನೇ ಕಣ್ಣಾರೆ ಕಂಡ ಒಂದು ದಿನ, ಒಂದು ಹಿಂಡು, ರಿಜಿಸ್ಟರಿನಲ್ಲಿ ಕಾಕಾನ ಹೆಸರಿನ ಮುಂದೆ 'ಒಂದು' ಎಂದು ದಾಖಲಾದ ಹಿಂಡು, ಅದರಲ್ಲಿ ಇಷ್ಟು ಕುರಿಗಳಿದ್ದವು ಎಂದು ಗೀಟುಗಳ ಮೊತ್ತವನ್ನು ಗಟ್ಟಿಯಾಗಿ ಓದಿದೆ. ಸಭೆ ತಣ್ಣಗಾಯಿತು. ಒಳ್ಳೆಯ ಪುರಾವೆ ಎದುರಿಗೆ ಬಂದಾಗ ಜನ ಹೀಗೇ ಸುಮ್ಮನಾಗುತ್ತಾರೆ ಎಂದುಕೊಂಡು ನಾನು ಒಳಗೊಳಗೇ ಹಿಗ್ಗಿದೆ.

ಹಿಂದಿನ ಸಾಲಿನಲ್ಲಿ ಕಾಕಾ ಕೂತಿದ್ದರು. ಎದ್ದು, ಕಂಬಳಿ ಹೆಗಲಿಗೆ ಹಾಕಿಕೊಂಡು ಹೊರಗೆ ಹೋದರು. ಸಂತಪುರದ ಬಸ್ಸಿಗೆ ಹೊತ್ತಾಯಿತೇನೋ ಎಂದುಕೊಂಡೆ.

ಸಂತಪುರ ಉಳಿಯಿತು. ಅಧ್ಯಕ್ಷರು ಕೈ ಮುಗಿದರು. ಅಕ್ಕ ಫೋನು ಮಾಡಿ, "ಭಾಳ ಉಪಕಾರ ಆಯ್ತ್ರಿ ಸರ್," ಎಂದರು. ನಮ್ಮ ಕಚೇರಿಯ ಕಪಾಟಿನಲ್ಲಿ ಆ ವರದಿಯ ಪ್ರತಿಯನ್ನು ಮೇಲಿನ ಅರೆಯಲ್ಲಿ ಇಟ್ಟೆವು.

ಮರುವರ್ಷ, ಮತ್ತೆ ಮಳೆಗೆ ಮುಂಚೆ, ಬೇರೆ ಕೆಲಸಕ್ಕೆ ಔರಾದಕ್ಕೆ ಹೋಗಿದ್ದೆ. ಬರುವಾಗ ಸಂತಪುರದಲ್ಲಿ ಇಳಿದೆ. ನನ್ನ ತೀರ್ಮಾನ ಹೇಗೆ ನಡೆಯುತ್ತಿದೆಯೆಂದು ನೋಡಿ ಬೆನ್ನು ತಟ್ಟಿಕೊಳ್ಳುವ ಆಸೆ. ಡಾಕ್ಟರು ಒಳಗೆ ಕೂತು ಪೇಪರು ಓದುತ್ತಿದ್ದರು. ಮೇಜಿನ ಮೇಲೆ ಹೊಸ ರಿಜಿಸ್ಟರು, ದಪ್ಪ ರಟ್ಟಿನದು. ತೆರೆದೆ. ಮೂರು, ನಾಲ್ಕು, ಎರಡು, ಐದು. ಎಲ್ಲ ನಿಖರ, ಎಲ್ಲ ಏಕರೂಪ.

ಪಕ್ಕದಲ್ಲಿ ನಿಂತಿದ್ದ ಅಕ್ಕ ಹೇಳಿದರು: "ಆಫೀಸ್ನಿಂದ ಆರ್ಡರ್ ಬಂದದ್ರಿ. ಕುರಿ ಎಣಿಸಿ ಬರೀಬೇಕಂತ. ನಿಮ್ಮ ವರದ್ಯಾಗ ಅದ ಅಂತಲ್ಲ, ಏಳನೇದು."

ಅಷ್ಟರಲ್ಲಿ ಕಾಕಾ ಬಂದರು. ಮೂರು ಕುರಿ ತಂದಿದ್ದರು. ನನ್ನ ಗುರುತು ಹಿಡಿದರು, ಮುಖ ತಿರುಗಿಸಲಿಲ್ಲ, ನಗಲೂ ಇಲ್ಲ. ಬಸ್‌ಸ್ಟಾಪಿನ ಆಚೆಯ ಬೀಳು ಹೊಲದಲ್ಲಿ ಒಂದು ಹಿಂಡು ನಿಂತಿತ್ತು. ಯಾರ ಹಿಂಡೆಂದು ಯಾರೂ ಹೇಳಬೇಕಾಗಿರಲಿಲ್ಲ.

"ಉಳಿದವು ತರಂಗಿಲ್ಲೇನ್ರಿ ಕಾಕಾ?" ಎಂದು ಅಕ್ಕ ಮೆತ್ತಗೆ ಕೇಳಿದರು.

"ಇವೇ ರಿ," ಎಂದರು ಕಾಕಾ. ನಾನು ಹೊಲದ ಕಡೆ ನೋಡಿದ್ದನ್ನು ಅವರು ನೋಡಿದರು. ಮತ್ತೊಮ್ಮೆ, ನನಗೇ ಹೇಳುವಂತೆ, "ಇವೇ," ಎಂದರು.

ಮೂರಕ್ಕೂ ಸೂಜಿ ಬಿತ್ತು. ಅಕ್ಕ ರಿಜಿಸ್ಟರಿನಲ್ಲಿ ಮೂರು ಎಂದು ಬರೆದರು. ಕಾಕಾ ಹೋದ ಮೇಲೆ ಅಕ್ಕ ಹೇಳಿದರು: "ಎಲ್ಲಾರೂ ಹಿಂಗೇ ಮಾಡ್ಲತ್ತಾರ್ರಿ. ಎಣಿಸಿದ್ರ ಅಡ್ಡಿ ಇಲ್ಲ ಅನ್ನುವಷ್ಟೇ ತರ್ತಾರ. ಉಳಿದವಕ್ಕ ಮದ್ದಿಲ್ಲ. ನೀವು ಆ ದಿನ ಮೀಟಿಂಗ್‌ನ್ಯಾಗ ಕಾಕಾಂದು ಓದಿದ್ರಲ್ರಿ, ಅದು ಊರೂರಿಗೆ ಹೋಗ್ಯಾದ."

ಆ ದಿನ 'ಸುಮ್ನ' ಎಂದು ಸುಳ್ಳು ಹೇಳಿದವನು ನಾನು. ಸಭೆ ತಣ್ಣಗಾದದ್ದು ಪುರಾವೆಗಲ್ಲ, ಒಬ್ಬರ ಮನೆಯ ಗುಟ್ಟನ್ನು ನಾಲ್ಕು ಮಂದಿಯ ನಡುವೆ ಬಿಚ್ಚಿದ್ದಕ್ಕೆ. ನನಗೆ ಅದು ಒಂದು ವರ್ಷ ತಡವಾಗಿ ತಿಳಿಯಿತು.

ಬೀದರಿಗೆ ಬಂದ ಕೂಡಲೇ ಸಂಘಕ್ಕೆ ಕಾಗದ ಬರೆದೆ, ಏಳನೇ ಶಿಫಾರಸನ್ನು ಹಿಂತೆಗೆದುಕೊಳ್ಳುತ್ತೇನೆ ಎಂದು. ಅಧ್ಯಕ್ಷರು ಫೋನು ಮಾಡಿದರು.

"ಯಾಕ್ರಿ, ಈಗ ಹಿಸಾಬ ಛಂದ ಬರ್ಲತ್ತದಲ್ರಿ. ಸಂತಪುರಕ್ಕ ಬರೋದು ದಿನಕ್ಕ ಹತ್ತ ಕುರಿನೂ ಇಲ್ಲಂತ ಈಗ ಗೊತ್ತಾಯ್ತು. ಇಷ್ಟಕ್ಕ ಡಾಕ್ಟರ್ ಅಲ್ಲಿ ಯಾಕಂತ ಮಂದಿ ಕೇಳ್ಲತ್ತಾರ. ನೀವೇ ಬಂದು ಮತ್ತೊಂದ್ಸಲ ನೋಡಿ ಹೇಳ್ರಿ."

ಹೀಗೆ ಅದೇ ಪ್ರಶ್ನೆಗೆ ಅದೇ ಸಂಘ ನನ್ನನ್ನೇ ಎರಡನೇ ಸಲ ಕರೆಯಿತು. ಈ ಸಲ ರಿಜಿಸ್ಟರಿನಲ್ಲಿ ಒಂದೂ ತಪ್ಪಿರಲಿಲ್ಲ. ಸೀಸೆಗಳೂ ಕಡಿಮೆಯಾಗಿದ್ದವು. ಎಲ್ಲ ಕಾಗದಗಳೂ ಒಂದೇ ಮಾತು ಹೇಳುತ್ತಿದ್ದವು, ಸಂತಪುರ ಬೇಡ ಎಂದು.

ಸಭೆ ಸೇರುವ ಹೊತ್ತಿಗೆ ಮಳೆ ಹಿಡಿದಿತ್ತು. ನಾನು ಒಂದೇ ಪುಟ ಬರೆದುಕೊಂಡು ಹೋಗಿದ್ದೆ. ಏಳನೇ ಶಿಫಾರಸು ಯೋಚಿಸದೆ ಬರೆದದ್ದು, ಹಳೆಯ ವರದಿಯಿಂದ ತೆಗೆದದ್ದು, ತಪ್ಪು ನನ್ನದು ಎಂದು ಓದಿದೆ. ಒಬ್ಬರ ಕುರಿಯ ಲೆಕ್ಕವನ್ನು ಅವರನ್ನು ಕೇಳದೆ ಇದೇ ಕೋಣೆಯಲ್ಲಿ ಓದಿದ್ದೂ ತಪ್ಪು ಎಂದೆ. ಹಿಂದಿನ ಸಾಲಿನ ಕಡೆ ನೋಡಿದೆ. ಕಾಕಾ ಬಂದಿರಲಿಲ್ಲ.

"ಹಂಗಾದ್ರ ಹಿಸಾಬ ಹ್ಯಾಂಗ ಇಡೋದ್ರಿ?" ಎಂದು ಹಲಬರ್ಗಾದವರೊಬ್ಬರು ಕೇಳಿದರು.

"ಖಾಲಿ ಸೀಸಿ ಎಣಿಸ್ರಿ. ಸೀಸಿಗೆ ಯಾರ ನದರೂ ಆಗಂಗಿಲ್ಲ," ಎಂದೆ. ನಾಲ್ಕೈದು ಮಂದಿ ನಕ್ಕರು. ಅಧ್ಯಕ್ಷರೂ ನಕ್ಕರು. ಇನ್ನೊಂದು ವರ್ಷ ನೋಡೋಣ ಎಂದು ತೀರ್ಮಾನವಾಯಿತು. ಸೀಸೆ ಎಣಿಸುವ ಮಾತನ್ನು ನಾನು ಮೊದಲ ವರದಿಯಲ್ಲೇ ಬರೆಯಬಹುದಿತ್ತು. ಅಕ್ಕನ ಜೊತೆ ನೆಲದ ಮೇಲೆ ಕೂತು ಸಂಜೆಯವರೆಗೂ ಮಾಡಿದ್ದು ಅದನ್ನೇ.

ಶ್ರಾವಣ ಕಳೆದ ಮೇಲೆ ಒಂದು ಮಧ್ಯಾಹ್ನ ಅಕ್ಕ ಫೋನಿಗೆ ಫೋಟೋ ಕಳಿಸಿದರು. ರಿಜಿಸ್ಟರಿನ ಒಂದು ಪುಟ. ಒಂದು, ಒಂದು, ಎರಡು, ಒಂದು. ನನ್ನ ಕಸುಬಿನಲ್ಲಿ ಅಷ್ಟು ಕೆಟ್ಟ ದಾಖಲೆಯನ್ನು ಇನ್ನೊಂದು ಕಂಡಿಲ್ಲ. ಕಚೇರಿಯಲ್ಲಿದ್ದವರಿಗೆಲ್ಲ ತೋರಿಸಿದೆ. ಬಹಳ ಸಂತೋಷವಾಗಿತ್ತು. ಅದರ ಹಿಂದೆಯೇ ಅವರ ದನಿಯಲ್ಲಿ ಒಂದು ಸಂದೇಶ ಬಂತು.

"ಎಲ್ಲಾರೂ ಹಿಂಡ ಹೊಡ್ಕೊಂಡ ಬರ್ಲತ್ತಾರ್ರಿ ಸರ್. ಕಾಕಾ ಒಬ್ರು ಬಂದಿಲ್ಲ. ಮಳಿ ಹಿಡ್ದ ಕೂಡ್ಲೇ ಅವ್ರ ಹಿಂಡಿಗೆ ಕರುಳಬ್ಯಾನಿ ಬಂದು ಕುರಿ ಹೋದ್ವಂತ. ಸೂಜಿ ಹಾಕ್ಸಿದ ಮೂರು ಉಳದಾವ. ಬ್ಯಾರೆ ಏನ್ ಉಳದಾವೋ ಗೊತ್ತಿಲ್ರಿ."

ಅದನ್ನು ಎರಡು ಸಲ ಕೇಳಿದೆ. ಆಮೇಲೆ ಕೆಳಗೆ, 'ಎಷ್ಟು ಹೋದವು?' ಎಂದು ಟೈಪ್ ಮಾಡಿದೆ.

ಬರೆದದ್ದನ್ನು ನೋಡಿದೆ. ಅಳಿಸಿದೆ. ಕಾಕಾನ ಊರಿಗೆ ಹೋಗುವ ಬಸ್ಸು ಯಾವುದೆಂದು ಕೇಳಿದೆ.